ಹಳೆಯ ಪ್ಲೇಟು, ಹೊಸ ಹಾಡು

ಕಳೆದ ತಿಂಗಳ ಅಂಚೆಯಲ್ಲಿ ನಮಗೆ ಬಂದ ಕಾಗದಗಳೊಳಗೆ ಒಂದನ್ನು ಕುರಿತು ಈ ಸಾರಿ ನಾಲ್ಕು ಮಾತು ಬರೆಯಬೇಕೆಂದಿರುವೆವು. ಬರೆದವರು ಒಬ್ಬ ಗೃಹಿಣಿಯರು. ಅವರ ಮಾವನವರಿಗೂ ಮಗಳಿಗೂ ಹದಿನೈದು ದಿವಸಗಳಿಂದ ಮಾತಿಲ್ಲವಂತೆ. ಕಾರಣವು ಆಸ್ತಿಯಲ್ಲ, ಮದುವೆಯಲ್ಲ, ಪರೀಕ್ಷೆಯೂ ಅಲ್ಲ, ಹಾಡು. ಧರ್ಮಸ್ಥಳಕ್ಕೆಂದು ಮನೆಮಂದಿಯೆಲ್ಲ ಒಂದೇ ಕಾರಿನಲ್ಲಿ ಹೊರಟಾಗ ಹುಡುಗಿಯು ತನ್ನ ಮೊಬೈಲಿನಿಂದ ಈಗಿನ ಸಿನಿಮಾ ಹಾಡುಗಳನ್ನು ಹಾಕಿದಳೆಂದೂ, ಹಾಸನ ದಾಟುವಷ್ಟರಲ್ಲಿ ತಾತನವರು, "ಇದು ಹಾಡೋ, ತಗಡು ಬಡಿಯುವ ಸದ್ದೋ" ಎಂದು ಗದರಿ ಅದನ್ನು ನಿಲ್ಲಿಸಿದರೆಂದೂ, ಅಂದಿನಿಂದ ಆಕೆಯು ಊಟದ ಹೊತ್ತಿನಲ್ಲಿಯೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ಕೂಡುತ್ತಾಳೆಂದೂ ಬರೆದಿರುವರು. "ಹಳೆಯ ಹಾಡುಗಳೇ ಮೇಲೆಂದು ತಾವು ಎರಡು ಮಾತು ಬರೆದರೆ ಮಗಳಿಗೆ ತೋರಿಸಬಹುದು" ಎಂಬುದು ಆ ಸಹೋದರಿಯವರ ಕೋರಿಕೆ.

ಈ ಕೋರಿಕೆಯನ್ನು ಅವರು ಕೇಳಿದ ಹಾಗೆಯೇ ನೆರವೇರಿಸಲು ನಮ್ಮಿಂದಾಗದು. ಹಳೆಯ ಹಾಡುಗಳ ಮೇಲೆ ನಮಗೆ ಪ್ರೀತಿಯಿಲ್ಲವೆಂದಲ್ಲ. ಇರುವ ಪ್ರೀತಿಯು ಕೊಂಚ ಅತಿಯಾಗಿಯೇ ಇದೆ. ಆದರೆ ಈ ವಿಷಯದಲ್ಲಿ ತೀರ್ಪು ಹೇಳುವ ಅಧಿಕಾರವನ್ನು ನಾವು ಒಮ್ಮೆ ಕೈಯಾರ ಕಳೆದುಕೊಂಡಿರುವೆವು. ಆ ಸಂಗತಿಯನ್ನು ಮುಂದೆ ಹೇಳುವೆವು.

ಮೊದಲು, ಹಳೆಯದೆಂದರೆ ಯಾವುದು? ಕನ್ನಡದ ಮೊದಲನೆಯ ವಾಕ್ಚಿತ್ರವಾದ 'ಸತಿ ಸುಲೋಚನ'ವು 1934ರಲ್ಲಿ ಹೊರಬಂದಿತು. ಬೆಳ್ಳಾವೆ ನರಹರಿಶಾಸ್ತ್ರಿಗಳು ಅದಕ್ಕೆ ಮಾತನ್ನೂ ಹಾಡನ್ನೂ ಬರೆದರು. ರಾವಣನ ಪಾತ್ರ ವಹಿಸಿದ್ದ ಆರ್. ನಾಗೇಂದ್ರರಾಯರೇ ಸಂಗೀತವನ್ನೂ ಒದಗಿಸಿದರು. ಆ ಚಿತ್ರದ ಪ್ರತಿಯೇ ಈಗ ಉಳಿದಿಲ್ಲವಾದ್ದರಿಂದ ಅದರ ಹಾಡುಗಳ ಹೆಸರಿನಲ್ಲಿ ಯಾರೂ ಜಗಳವಾಡುವಂತಿಲ್ಲ. ಅದಾದ ಮೇಲೆ ಪಿ. ಕಾಳಿಂಗರಾಯರು ನಮ್ಮ ನವೋದಯದ ಕವಿಗಳ ಪದ್ಯಗಳನ್ನು ಗ್ರಾಮಫೋನ್ ಪ್ಲೇಟುಗಳ ಮೂಲಕ ಮನೆಮನೆಗೆ ಮುಟ್ಟಿಸಿದರು. ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷ. ಅಷ್ಟರೊಳಗೆ ಪದ್ಯವು ಮುಗಿಯಬೇಕು. ಇದು ಸಂಗೀತವೂ ಅಲ್ಲ, ವಾಚನವೂ ಅಲ್ಲ ಎಂದು ಅದಕ್ಕೂ ಮೂಗು ಮುರಿದಿದ್ದ ಹಿರಿಯರನ್ನು ನಾವು ಬಾಲ್ಯದಲ್ಲಿ ಬಲ್ಲೆವು. ಹೀಗಿರುವಲ್ಲಿ, ಇಂದು 'ಹಳೆಯ ಹಾಡು' ಎನ್ನುವವರಲ್ಲಿ ಹೆಚ್ಚಿನವರು ಹೇಳುವುದು 1960ರಿಂದ 1985ರವರೆಗಿನ ಹಾಡುಗಳನ್ನು. ಎಂದರೆ, ತಮಗೆ ಮೀಸೆ ಚಿಗುರುತ್ತಿದ್ದ ಕಾಲದವನ್ನು. ಆ ತಾತನವರ ಹಳೆಯದೂ ಇದೇ ಇರಬೇಕು.

ಆ ಕಾಲದ ಹಾಡುಗಳಲ್ಲಿ ಒಂದನ್ನು ಮಾತ್ರ ಹಿಡಿದು ನೋಡೋಣ. 1971ರ 'ಕಸ್ತೂರಿ ನಿವಾಸ'ದಲ್ಲಿ, ಬೀಳಿಸಿದರೂ ಎದ್ದು ನಿಲ್ಲುವ ಬೊಂಬೆಯನ್ನು ಕುರಿತು ಪಿ. ಬಿ. ಶ್ರೀನಿವಾಸರು ಹಾಡಿರುವ ಹಾಡು ವಾಚಕರಿಗೆಲ್ಲ ಗೊತ್ತಿದ್ದೇ ಇರುತ್ತದೆ. ಚಿ. ಉದಯಶಂಕರರ ಮಾತು, ಜಿ. ಕೆ. ವೆಂಕಟೇಶರ ಸಂಗೀತ. ಇದರಲ್ಲಿ ಕಠಿನವಾದ ಪದವೊಂದಿಲ್ಲ; ಐದು ವರ್ಷದ ಮಗುವಿಗೆ ಅರ್ಥವಾಗುತ್ತದೆ. ಗಾಯಕರು ತಮ್ಮ ಕಂಠವನ್ನು ಎಲ್ಲಿಯೂ ಏರಿಸಿ ಆರ್ಭಟಿಸುವುದಿಲ್ಲ. ಮಗುವಿಗೆ ಬೊಂಬೆಯಾಟವಾಗಿಯೂ, ಕಥೆಯನ್ನು ಬಲ್ಲವರಿಗೆ ಕೊಟ್ಟು ಕೊಟ್ಟು ಬರಿದಾದ ಒಬ್ಬ ಗೃಹಸ್ಥನ ಬದುಕಾಗಿಯೂ ಅದು ಒಂದೇ ಸಮಯದಲ್ಲಿ ಕೇಳಿಸುವುದು. ನಾವು ಇದನ್ನು ಚಿಕ್ಕಂದಿನಲ್ಲಿ ನಗುತ್ತ ಹಾಡಿಕೊಂಡಿದ್ದೆವು. ಮನೆಯ ಸಾಲದ ಕಂತು ಕಟ್ಟಲಾಗದ ಒಂದು ವರ್ಷ ಅದೇ ಹಾಡು ರೇಡಿಯೋದಲ್ಲಿ ಬಂದಾಗ ಎದ್ದು ಹಿತ್ತಲಿಗೆ ಹೋದೆವು.

ಆ ಕಾಲದ ಧ್ವನಿಮುದ್ರಣದ ಕ್ರಮವನ್ನೂ ಇಲ್ಲಿ ಹೇಳಬೇಕು. ಪಿಟೀಲು, ಕೊಳಲು, ತಬಲ ನುಡಿಸುವವರೂ ಗಾಯಕರೂ ಒಂದೇ ಕೋಣೆಯಲ್ಲಿ ಕುಳಿತು ಒಟ್ಟಿಗೆ ಹಾಡಿ ಬಾರಿಸಬೇಕಾಗಿತ್ತು. ಯಾರೊಬ್ಬರು ತಪ್ಪಿದರೂ ಎಲ್ಲರೂ ಮೊದಲಿನಿಂದ ಆರಂಭಿಸಬೇಕು. ಆದಕಾರಣ ದಿನಗಟ್ಟಲೆ ಅಭ್ಯಾಸವಾಗುತ್ತಿತ್ತು. ಒಬ್ಬರು ಇನ್ನೊಬ್ಬರಿಗೆ ಕಿವಿಗೊಡುತ್ತಿದ್ದರು. ಪದದ ಕೊನೆಯಲ್ಲಿ ಗಾಯಕರು ಉಸಿರು ತೆಗೆದುಕೊಳ್ಳುವಾಗ ಕೊಳಲಿನವನು ಆ ಜಾಗವನ್ನು ಮೆಲ್ಲನೆ ತುಂಬುವುದು ಹಳೆಯ ಹಾಡುಗಳಲ್ಲಿ ಸ್ಪಷ್ಟವಾಗಿ ತಿಳಿಯುತ್ತದೆ. ಈಗಲಾದರೋ ಗಾಯಕನು ಮುಂಬಯಿಯಲ್ಲಿ, ಕೊಳಲು ಚೆನ್ನೈಯಲ್ಲಿ, ತಾಳವು ಕಂಪ್ಯೂಟರಿನೊಳಗೆ. ಅವರು ಒಬ್ಬರ ಮುಖವನ್ನೊಬ್ಬರು ನೋಡಬೇಕಾದ ಅಗತ್ಯವೇ ಇಲ್ಲ. ಅಪಸ್ವರವನ್ನು ಸಹ ಯಂತ್ರವೇ ತಿದ್ದುವುದು.

ಅಷ್ಟಾದರೂ ಹಳೆಯ ಕಾಲವೆಲ್ಲ ಚಿನ್ನವೆಂದರೆ ಸುಳ್ಳಾಗುತ್ತದೆ. 1950ರ ದಶಕದ ಎಷ್ಟೋ ಕನ್ನಡ ಚಿತ್ರಗಳಲ್ಲಿ ಹಿಂದಿಯ ಧಾಟಿಗಳನ್ನು ಇದ್ದಹಾಗೆಯೇ ತಂದು ಕನ್ನಡದ ಮಾತು ತುರುಕಿದ್ದುಂಟು. ಹೀನಾಭಿರುಚಿಯ ಹಾಡುಗಳೂ ಬೇಕಾದಷ್ಟಿದ್ದವು. ಕಾಲವು ಮೊರವಿದ್ದಂತೆ, ಹೊಟ್ಟನ್ನು ಹಾರಿಸಿ ಕಾಳನ್ನು ಉಳಿಸಿಕೊಟ್ಟಿರುವುದು. ನಾವು ಆ ಕಾಲದ ಕಾಳನ್ನು ಈ ಕಾಲದ ಹೊಟ್ಟಿನೊಡನೆ ತೂಗುತ್ತಿರುವೆವು. ಇದು ನ್ಯಾಯವಾದ ತಕ್ಕಡಿಯಲ್ಲ.

ಇನ್ನು ನಮ್ಮ ಅಪರಾಧದ ಕಥೆ. 1987ರಲ್ಲಿ ರವಿಚಂದ್ರನ್ ಅವರ 'ಪ್ರೇಮಲೋಕ'ವು ಬಂದಿತು. ಹಂಸಲೇಖರು ಮಾತನ್ನೂ ಸಂಗೀತವನ್ನೂ ತಾವೇ ಮಾಡಿದ್ದರು. ಊರಿನಲ್ಲಿ ಯಾವ ಹೋಟೆಲಿಗೆ ಹೋದರೂ ಅದೇ ಹಾಡು, ಯಾವ ಬಸ್ಸು ಹತ್ತಿದರೂ ಅದೇ ಹಾಡು. ನಾವು ಆಗತಾನೆ ಕೆಲಸಕ್ಕೆ ಸೇರಿದ್ದೆವು. ಮನೆಯ ಹಿರಿಮಗನೆಂಬ ಬಿಂಕವೂ, ನಾಲ್ಕು ಕವನ ಸಂಗ್ರಹಗಳನ್ನು ಓದಿದ ಜಂಬವೂ ಕೂಡಿಕೊಂಡಿದ್ದವು. ನಮ್ಮ ತಂಗಿಯು ತನ್ನ ಕೈಗೂಡಿಸಿದ ಹಣದಿಂದ ಆ ಕ್ಯಾಸೆಟ್ಟನ್ನು ಕೊಂಡು ತಂದು, ಹೊತ್ತು ಸಿಕ್ಕಾಗಲೆಲ್ಲ ಹಾಕಿಕೊಂಡು, ಅಕ್ಕಿ ಆರಿಸುವಾಗ, ಹೂ ಕಟ್ಟುವಾಗ ಅದರೊಡನೆ ತಾನೂ ಹಾಡುತ್ತಿದ್ದಳು. ಆಕೆಯ ಕಂಠವು ಚೆನ್ನಾಗಿತ್ತು. ಒಂದು ಭಾನುವಾರ ನಾವು ಆ ಕ್ಯಾಸೆಟ್ಟನ್ನು ತೆಗೆದುಕೊಂಡು, "ಇಂಥ ಬೀದಿಯ ಮಾತು ನಮ್ಮ ಮನೆಗೆ ಬೇಡ" ಎಂದು ಹೇಳಿ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ಹಾಕಿ ಬೀಗ ಹಾಕಿದೆವು. ಆಕೆಯು ಅಳಲಿಲ್ಲ, ಜಗಳವಾಡಲೂ ಇಲ್ಲ. ಹಾಡುವುದನ್ನು ಮಾತ್ರ ನಿಲ್ಲಿಸಿದಳು. ನಾವು ಮನೆಯಲ್ಲಿರುವಾಗ ಆಕೆಯ ಕಂಠದಿಂದ ಸಿನಿಮಾ ಹಾಡಿರಲಿ, ದೇವರ ಹಾಡು ಕೂಡ ಹೊರಡಲಿಲ್ಲ. ಆಕೆಯ ಮದುವೆಯಾಗಿ ಮಗಳು ಹುಟ್ಟಿ, ಆ ಮಗುವಿನ ನಾಮಕರಣಕ್ಕೆಂದು ನಾವು ಹೋದಾಗ, ಒಳಕೋಣೆಯಲ್ಲಿ ತೊಟ್ಟಿಲು ತೂಗುತ್ತ ಆಕೆ ಹಾಡುತ್ತಿದ್ದುದು ಹೊಸಿಲವರೆಗೂ ಕೇಳಿಸುತ್ತಿತ್ತು. ನಾವು ಒಳಗೆ ಕಾಲಿಟ್ಟೊಡನೆ ನಿಂತಿತು. "ಬಾಣ್ಣ, ಕಾಫಿ ಕುಡಿಯುತ್ತೀಯಾ?" ಎಂದು ಕೇಳಿದಳು.

ಇಷ್ಟು ಅನ್ಯಾಯ ಮಾಡಿ ನಾವು ಕಾಪಾಡಿದ್ದಾದರೂ ಏನನ್ನು? ಹತ್ತು ಹನ್ನೆರಡು ವರ್ಷಗಳ ಅನಂತರ ಆ ಹಾಡುಗಳನ್ನು ಶಾಂತಚಿತ್ತದಿಂದ ಕೇಳಿದಾಗ ನಮಗೆ ತಿಳಿದದ್ದು ಇದು: ಹಂಸಲೇಖರು ಕನ್ನಡದ ಸಂಭಾಷಣೆಯನ್ನು ಹಾಡಿಗೆ ತಂದಿದ್ದರು. ಹುಡುಗನು ಕೇಳುವನು, ಹುಡುಗಿಯು ಉತ್ತರ ಕೊಡುವಳು, ಗೆಳೆಯರು ನಡುವೆ ಬಾಯಿ ಹಾಕುವರು. ಇಷ್ಟೆಲ್ಲವೂ ತಾಳ ತಪ್ಪದೆ, ಮಾತಿನ ಸಹಜವಾದ ಏರಿಳಿತವೂ ಕೆಡದೆ ನಡೆಯುವುದು. ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರೂ ಎಸ್. ಜಾನಕಿಯವರೂ ಆ ಮಾತುಗಳನ್ನು ಹಾಡುವುದಕ್ಕಿಂತ ಹೆಚ್ಚಾಗಿ ಅಭಿನಯಿಸಿರುವರು. ನಾವು ಬೀದಿಯ ಮಾತೆಂದು ಯಾವುದನ್ನು ಹಳಿದೆವೋ ಅದೇ ಅದರ ಗುಣವಾಗಿತ್ತು. ಇದೇ ಹಂಸಲೇಖರು 1995ರಲ್ಲಿ ಗಾನಯೋಗಿ ಪಂಚಾಕ್ಷರಿ ಗವಾಯಿಗಳ ಚರಿತ್ರೆಯ ಚಿತ್ರಕ್ಕೆ ಸಂಗೀತ ಮಾಡಿ ರಾಷ್ಟ್ರಪ್ರಶಸ್ತಿ ಪಡೆದರು. ಅದೇ ಚಿತ್ರದ ಹಾಡಿಗಾಗಿ ಬಾಲಸುಬ್ರಹ್ಮಣ್ಯಂ ಅವರಿಗೂ ಪ್ರಶಸ್ತಿ ಬಂದಿತು. ಬೀದಿಯ ಮಾತು ಬಲ್ಲವರಿಗೆ ಗವಾಯಿಗಳ ಮಾತೂ ತಿಳಿದಿತ್ತು.

ಈ ಅಪರಾಧವನ್ನು ನೆನಪಿನಲ್ಲಿಟ್ಟುಕೊಂಡೇ ನಾವು ಈಗಿನ ಹಾಡುಗಳನ್ನು ಕೇಳತೊಡಗಿದೆವು. 2006ರ ಕೊನೆಯಲ್ಲಿ ಬಂದ 'ಮುಂಗಾರು ಮಳೆ'ಯ ವಿಷಯವನ್ನು ಹೆಚ್ಚು ಬೆಳೆಸಬೇಕಾದುದಿಲ್ಲ. ಅಮೆರಿಕದಲ್ಲಿ ನೆಲೆಸಿರುವ ಮನೋಮೂರ್ತಿಯವರ ಧಾಟಿಗಳೂ ಜಯಂತ ಕಾಯ್ಕಿಣಿಯವರ ಮಾತುಗಳೂ ಈಗಾಗಲೇ ಹಳೆಯವರ ಸಾಲಿಗೆ ಸೇರಿಹೋಗಿವೆ. ಅದನ್ನು ಹೊಸತೆಂದು ದೂರುವವರು ಈಗ ಯಾರೂ ಇಲ್ಲ.

ಆ ಹುಡುಗಿಯ ಮೊಬೈಲಿನಲ್ಲಿ ಇರಬಹುದಾದ ಕೆಲವು ಹಾಡುಗಳ ಮಾತಿಗೆ ಬರೋಣ. 2024ರ 'ಕೃಷ್ಣಂ ಪ್ರಣಯ ಸಖಿ'ಯಲ್ಲಿ ಯುಗದ ಹೆಸರಿನಿಂದಲೇ ಮೊದಲಾಗುವ ಒಂದು ಪ್ರಣಯಗೀತೆಯಿದೆ. ಸಂಗೀತ ಅರ್ಜುನ್ ಜನ್ಯ, ಹಾಡಿರುವವನು ಜಸ್ಕರಣ್ ಸಿಂಗ್ ಎಂಬ ಪಂಜಾಬಿನ ತರುಣ. ನಮಗೆ ಇದು ಹಿಡಿಸಿತು. ಧಾಟಿಯು ಹಳೆಯ ಮಾದರಿಯದು. ಎರಡು ಸಾರಿ ಕೇಳಿದರೆ ಅಡಿಗೆಮನೆಯಲ್ಲಿ ಗುನುಗುವಷ್ಟು ಸುಲಭವಾಗಿದೆ. ಪಂಜಾಬಿಯೊಬ್ಬನು ಕನ್ನಡ ಹಾಡಬಹುದೆ ಎಂದು ಕೆಲವರು ಕೇಳುವರು. ಪಿ. ಬಿ. ಶ್ರೀನಿವಾಸರು ಹುಟ್ಟಿದ್ದು ಕಾಕಿನಾಡದಲ್ಲಿ. ಜಾನಕಿಯವರೂ ಬಾಲಸುಬ್ರಹ್ಮಣ್ಯಂ ಅವರೂ ಆಂಧ್ರದವರೇ. ಹೊರಗಿನವರೆಂಬುದು ದೋಷವಾಗುವುದಾದರೆ ನಮ್ಮ ಹಳೆಯ ಪೆಟ್ಟಿಗೆಯಲ್ಲಿ ಅರ್ಧದಷ್ಟು ಹಾಡುಗಳೂ ಉಳಿಯಲಾರವು.

ಪ್ರಶ್ನೆಯಿರುವುದು ಊರಿನಲ್ಲಲ್ಲ, ಉಚ್ಚಾರದಲ್ಲಿ. ಕನ್ನಡದಲ್ಲಿ ಒಂದು ಮಾತ್ರೆ ಹೆಚ್ಚಾದರೆ ಅರ್ಥವೇ ಬದಲಾಗುವುದು. ಧಾಟಿಗೆ ಬೇಕೆಂದು 'ಮರಿ'ಯನ್ನು ಎಳೆದರೆ ಅದು 'ಮಾರಿ'ಯಾಗುವುದು. ಮುದ್ದಿನ ಮರಿಯನ್ನು ಕರೆಯಹೊರಟ ನಾಯಕನು ಮುದ್ದಿನ ಮಾರಿಯನ್ನು ಕರೆದಂತಾಗುವುದು. 'ಹಾಲು' ಎಂಬಲ್ಲಿ ನಾಲಗೆ ಮಡಿಸಿದರೆ 'ಹಾಳು.' ಈ ದೋಷವು ಈಗಿನ ಹಾಡುಗಳಲ್ಲಿ ಹೆಚ್ಚಾಗಿರುವುದೆಂದು ನಾವು ಸಂಕೋಚವಿಲ್ಲದೆ ಹೇಳುವೆವು. ಇದರಲ್ಲಿ ಹಾಡುವವರ ತಪ್ಪಿಗಿಂತ ಹಾಡಿಸುವವರ ತಪ್ಪೇ ದೊಡ್ಡದು. ಶ್ರೀನಿವಾಸರು ಕನ್ನಡವನ್ನು ಓದಿ ಬರೆದು, ಅದರಲ್ಲಿ ಕವಿತೆಯನ್ನೂ ಕಟ್ಟುವಷ್ಟು ಕಲಿತರು. ಈಗ ಅರ್ಧ ದಿನಕ್ಕೆಂದು ಸ್ಟುಡಿಯೋಕ್ಕೆ ಬರುವ ಗಾಯಕನ ಬಳಿ ಕುಳಿತು ಪ್ರತಿಯೊಂದು ಅಕ್ಷರವನ್ನೂ ತಿದ್ದುವಷ್ಟು ತಾಳ್ಮೆಯು ಎಷ್ಟು ಜನಕ್ಕಿದೆ?

ತಾತನವರ "ತಗಡು ಬಡಿಯುವ ಸದ್ದು" ಎಂಬ ಮಾತಿನಲ್ಲಿಯೂ ನಿಜವಿಲ್ಲದಿಲ್ಲ. ಈಗಿನ ಮುದ್ರಣದಲ್ಲಿ ಮೆಲ್ಲಗಿನ ಭಾಗವನ್ನೂ ಗಟ್ಟಿಯಾದ ಭಾಗದ ಮಟ್ಟಕ್ಕೇ ಎತ್ತಿ ನಿಲ್ಲಿಸುವರು, ಬಸ್ಸಿನ ಗದ್ದಲದಲ್ಲಿಯೂ ಕೇಳಿಸಲೆಂದು. ಪಿಸುಮಾತೂ ಕೂಗೂ ಒಂದೇ ಎತ್ತರದಲ್ಲಿರುವುದರಿಂದ ಕಿವಿಗೆ ಬಿಡುವಿಲ್ಲ. ಅರ್ಧ ಗಂಟೆಯಲ್ಲಿ ತಲೆ ದಣಿಯುವುದು. ಹಾಸನದವರೆಗೆ ಅವರು ತಾಳಿದ್ದೇ ಹೆಚ್ಚು.

ಆದರೆ ಎಲ್ಲರೂ ಹೀಗೆಯೇ ಮಾಡುವರೆಂದು ತಿಳಿಯಬಾರದು. 2023ರ 'ಸಪ್ತ ಸಾಗರದಾಚೆ ಎಲ್ಲೋ' ಚಿತ್ರಕ್ಕೆ ಚರಣ್ ರಾಜ್ ಅವರು ಮಾಡಿರುವ ಸಂಗೀತವನ್ನು ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ, ದೀಪ ಆರಿಸಿ ಒಮ್ಮೆ ಕೇಳಬೇಕೆಂದು ಆ ತಾತನವರಲ್ಲಿ ನಮ್ಮ ಬಿನ್ನಹ. ಅಲ್ಲಿ ವಾದ್ಯಗಳು ಒಂದಕ್ಕೊಂದು ಎಡೆ ಬಿಟ್ಟುಕೊಡುತ್ತವೆ; ಕಂಠವು ಹತ್ತಿರ ಬಂದು ಮಾತಾಡುವಂತಿದೆ; ವಿಜಯಭಾಸ್ಕರರ ಸಂಗೀತವನ್ನು ಮೆಚ್ಚಿದವರು ಇದನ್ನು ಮೆಚ್ಚದಿರುವುದಕ್ಕೆ ನಮಗೆ ಕಾರಣ ತೋರದು. ಇದೇ ಚರಣ್ ರಾಜ್ ಅವರು 2025ರ 'ಎಕ್ಕ' ಚಿತ್ರಕ್ಕೆ ಬಳೆಯ ಹೆಸರಿನ ಒಂದು ಕುಣಿತದ ಹಾಡನ್ನೂ ಮಾಡಿರುವರು. ಆ ವರ್ಷ ಮಕ್ಕಳು ಮುದುಕರೆನ್ನದೆ ಎಲ್ಲರೂ ಅದಕ್ಕೆ ಕುಣಿದು ಮೊಬೈಲಿನಲ್ಲಿ ಹಾಕಿದರು. ಅದನ್ನು ಕುಳಿತು ಕೇಳಿ ವಿಮರ್ಶೆ ಮಾಡುವುದೆಂದರೆ ಕೋಲಾಟಕ್ಕೆ ಹೋಗಿ ಕೋಲಿನ ಮರ ಯಾವುದೆಂದು ಪರೀಕ್ಷಿಸಿದಂತೆ. ಅದು ಕುಣಿಯುವುದಕ್ಕಾಗಿಯೇ ಇರುವುದು.

2022ರ 'ಕಾಂತಾರ'ದ ಕೊನೆಯ ಭಾಗದಲ್ಲಿ ಬರುವ, ಅಜನೀಶ್ ಲೋಕನಾಥ್ ಅವರ ವರಾಹಸ್ತುತಿಯನ್ನು ಕುರಿತು ನಮಗೆ ಎರಡು ಮನಸ್ಸು. ಚಿತ್ರಮಂದಿರದಲ್ಲಿ ಅದನ್ನು ಕೇಳಿದಾಗ ನಮ್ಮ ಮೈ ಜುಮ್ಮೆಂದುದು ನಿಜ. ಆದರೆ ಕೇರಳದ ವಾದ್ಯವೃಂದವೊಂದು, ಇದು ತಮ್ಮ ಕೃತಿಯನ್ನು ಹೋಲುವುದೆಂದು ದೂರಿ ನ್ಯಾಯಾಲಯಕ್ಕೆ ಹೋಯಿತು. ಚಿತ್ರವು ಮನೆಯ ತೆರೆಗೆ ಬಂದಾಗ ಆ ಹಾಡಿಗೆ ಬೇರೆ ಧಾಟಿಯನ್ನಿಡಬೇಕಾಯಿತು. ಧಾಟಿ ಬದಲಾದಾಗ, "ಇದರಲ್ಲಿ ಆ ಆವೇಶವಿಲ್ಲ" ಎಂದು ಮನೆಮನೆಯಲ್ಲಿ ಹುಡುಗರು ಗೊಣಗಿದರು. ಸ್ವರವು ಮಾತಿನಿಂದ ಬೇರೆಯಾದರೆ ಏನಾಗುವುದೆಂಬುದನ್ನು ಅವರು ಯಾರೂ ಹೇಳಿಕೊಡದೆಯೇ ಕಂಡುಕೊಂಡಿದ್ದರು. ಈಗಿನವರಿಗೆ ಕಿವಿಯಿಲ್ಲವೆನ್ನುವವರು ಇದನ್ನು ಯೋಚಿಸಬೇಕು.

ನಮ್ಮ ನಿಜವಾದ ದೂರು ಬೇರೊಂದಿದೆ. ಆಕಾಶವಾಣಿಯಲ್ಲಿ ಹಾಡು ಹಾಕುವ ಮೊದಲು ಚಿತ್ರದ ಹೆಸರನ್ನು ಹೇಳಿ, ಬರೆದವರು ಇಂಥವರು, ಸಂಗೀತ ಇಂಥವರದು, ಹಾಡಿದವರು ಇಂಥವರು ಎಂದು ತಪ್ಪದೆ ತಿಳಿಸುತ್ತಿದ್ದರು. ಕು. ರ. ಸೀತಾರಾಮಶಾಸ್ತ್ರಿ, ಗೀತಪ್ರಿಯ, ವಿಜಯನಾರಸಿಂಹ, ಆರ್. ಎನ್. ಜಯಗೋಪಾಲ್ ಮುಂತಾದವರ ಹೆಸರುಗಳು ಪುಸ್ತಕವನ್ನೇ ಮುಟ್ಟದ ಮನೆಗಳಿಗೂ ಹೀಗೆ ಪರಿಚಯವಾದವು. 1967ರ 'ಬೆಳ್ಳಿ ಮೋಡ'ದಲ್ಲಿ ಜಾನಕಿಯವರು ಹಾಡಿದ ಮುಂಜಾವಿನ ಹಾಡು ಬೇಂದ್ರೆಯವರದೆಂದು ನಮ್ಮ ತಾಯಿಗೆ ತಿಳಿದದ್ದು ರೇಡಿಯೋದಿಂದ. ಅನಂತರವೇ ಅವರು ನಮ್ಮಿಂದ ಬೇಂದ್ರೆಯವರ ಪುಸ್ತಕ ತರಿಸಿಕೊಂಡರು. 'ಕಾಡು ಕುದುರೆ'ಯ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂದಾಗ ಅದನ್ನು ಬರೆದವರು ಕಂಬಾರರೆಂಬುದು ಹಳ್ಳಿಯ ಹೋಟೆಲಿನಲ್ಲಿಯೂ ಗೊತ್ತಿತ್ತು. ಈಗ ಹದಿನೈದು ಸೆಕೆಂಡಿನ ರೀಲಿನಲ್ಲಿ ಕುಣಿಯುವವಳ ಹೆಸರಿರುವುದು, ಸೀರೆ ಮಾರುವವನ ಹೆಸರಿರುವುದು, ಕವಿಯ ಹೆಸರಿರುವುದಿಲ್ಲ. ಹಾಡಿನ ಚರಣಗಳೂ ಇರುವುದಿಲ್ಲ. ಪಲ್ಲವಿಯ ಎರಡು ಸಾಲನ್ನು ಕೇಳಿಯೇ ಹಾಡು ಕೇಳಿದಂತಾಯಿತೆಂದು ಮಕ್ಕಳು ಭಾವಿಸುವರು. ಎರಡನೆಯ ಚರಣವನ್ನು ಯಾರೂ ಕೇಳುವುದಿಲ್ಲವೆಂದು ಗೊತ್ತಾದ ಮೇಲೆ ಅದನ್ನು ಶ್ರದ್ಧೆಯಿಂದ ಬರೆಯುವ ಕವಿಯಾದರೂ ಎಲ್ಲಿ ಸಿಕ್ಕಾನು?

ಆದುದರಿಂದ ಆ ಸಹೋದರಿಯವರಿಗೆ ನಮ್ಮ ಸಲಹೆಯು ಹೀಗಿದೆ. ಈ ಬರಹವನ್ನು ಮಗಳಿಗೆ ಮಾತ್ರ ತೋರಿಸದೆ ಮಾವನವರಿಗೂ ತೋರಿಸಿರಿ. ಮುಂದಿನ ಸಾರಿ ಕಾರು ಹೊರಟಾಗ ತಾತನವರದೊಂದು, ಮೊಮ್ಮಗಳದೊಂದು ಎಂದು ಸರದಿಯ ಮೇಲೆ ಹಾಡು ನಡೆಯಲಿ. ಯಾರ ಹಾಡಾದರೂ ಸರಿಯೆ, ಎರಡನೆಯ ಚರಣ ಮುಗಿಯುವವರೆಗೆ ಯಾರೂ ಬಾಯಿ ಹಾಕಕೂಡದು. ಸದ್ದು ಮಾತ್ರ ತಾತನವರು ಹೇಳಿದಷ್ಟಿರಲಿ; ವಯಸ್ಸಾದವರ ಕಿವಿಗೆ ಅಷ್ಟು ಸಲ್ಲತಕ್ಕದ್ದೇ. ಮಾತು ತಿಳಿಯಲಿಲ್ಲವೆಂದು ಅವರು ಹೇಳಿದರೆ ಹುಡುಗಿಯು ಆ ಹಾಡನ್ನು ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ, ಕವಿಯ ಹೆಸರು ಸಹಿತ, ಬರೆದುಕೊಡಲಿ. ಹಾಗೆ ಬರೆಯಲು ಕುಳಿತಾಗ ಆಕೆಗೇ ಕೆಲವು ಹಾಡುಗಳು ಸಪ್ಪೆಯೆನಿಸಬಹುದು. ಎನಿಸದಿದ್ದರೆ ತಾತನವರು ಕನ್ನಡಕ ಹಾಕಿಕೊಂಡು ಓದಲಿ. ಇಯರ್‌ಫೋನಿನ ವಿಷಯದಲ್ಲಿ ಗದರಿಕೆ ಬೇಡ. ಅದರೊಳಗೆ ಆಕೆಯು ಏನು ಕೇಳುತ್ತಿದ್ದಾಳೆಂದು ತಾತನವರು ಕೇಳಿದರೆ ಸಾಕು. ಒಂದು ತುದಿಯನ್ನು ಆಕೆಯೇ ಅವರ ಕಿವಿಗೆ ಕೊಟ್ಟಾಳು.

ಇಷ್ಟನ್ನು ಬರೆದ ದಿವಸ ಸಾಯಂಕಾಲ ನಾವು ತಂಗಿಗೆ ಫೋನು ಮಾಡಿ, ಆ 'ಪ್ರೇಮಲೋಕ'ದ ಕ್ಯಾಸೆಟ್ಟಿನಲ್ಲಿ ನಿನಗೆ ಯಾವ ಹಾಡು ಮೆಚ್ಚುಗೆಯಾಗಿತ್ತೆಂದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ನಾವು ಊಹಿಸಿರದ ಒಂದನ್ನು ಹೇಳಿದಳು. ಎರಡು ಸಾಲು ಹಾಡೆಂದೆವು. ಒಲೆಯ ಮೇಲೆ ಹಾಲಿಟ್ಟಿರುವುದಾಗಿ ಹೇಳಿ ಫೋನು ಇಟ್ಟಳು. ಬರುವ ಭಾನುವಾರ ಇನ್ನೊಮ್ಮೆ ಕೇಳುವೆವು.